ಕುಂದಾ ಮೇಡಂ ಕೇಳಿದ ತಾರೀಖು

ಎಲ್ಲರಿಗೂ ನಮಸ್ಕಾರ.

ಖಾನಾಪುರದಿಂದ ಬಂದಿರುವ ಕುಂದಾ ಅವರ ಮನೆಯವರೆ, ಕಣಕುಂಬಿಯಿಂದ ಬೆಳಗಿನ ಬಸ್ಸಿಗೇ ಹೊರಟು ಬಂದಿರುವ ಅವರ ತವರಿನ ಹಿರಿಯರೆ, ವಡಗಾವಿಯ ನೇಕಾರ ಬಂಧುಗಳೆ, ನಮ್ಮ ಕಚೇರಿಯ ಗೆಳೆಯರೆ... ಕುಂದಾ ಅವರ ಯಜಮಾನರಾದ ಅವಧೂತ ಸರ್... ಮಗಳು ಕೇತಕಿ... ನಿಮ್ಮಿಬ್ಬರಿಗೆ ಏನು ಹೇಳಿ ಮಾತು ಶುರುಮಾಡಬೇಕೋ ನನಗೆ ತಿಳಿಯುತ್ತಿಲ್ಲ. ಬರುವಾಗ ದಾರಿಯುದ್ದಕ್ಕೂ ಒಂದು ವಾಕ್ಯ ಹುಡುಕಿದೆ. ಸಿಗಲಿಲ್ಲ. ನಮಸ್ಕಾರ ಎಂದಷ್ಟೇ ಹೇಳುತ್ತೇನೆ.

ನನ್ನ ಹೆಸರು ಗೌರೀಶ. ಇಲ್ಲೇ, ಬೆಳಗಾವಿಯ ಈ ರಾಮತೀರ್ಥ ನಗರದಲ್ಲೇ, ನಮ್ಮದೊಂದು ಸಣ್ಣ ಕಂಪನಿ. ಕೃತಕ ಬುದ್ಧಿಮತ್ತೆ — ಈಗ ಎಲ್ಲರ ಬಾಯಲ್ಲೂ ಎಐ ಎಂದಾಗಿದೆ — ಅದನ್ನು ನಮ್ಮೂರಿನ ಮಗ್ಗ, ಕಾರ್ಖಾನೆ, ಅಂಗಡಿಗಳ ಕೆಲಸಕ್ಕೆ ಹೊಂದಿಸಿಕೊಡುವುದು ನಮ್ಮ ಉದ್ಯೋಗ. ನಾನು ಅದನ್ನು ಕಟ್ಟುವವನು. ಯಾವುದನ್ನು ಕಟ್ಟಬೇಕು, ಯಾವುದನ್ನು ಕಟ್ಟಬಾರದು — ಇದನ್ನು ಹೇಳುತ್ತಿದ್ದವರು ಕುಂದಾ ಮೇಡಂ. ಕಟ್ಟುವ ಕೆಲಸ ಸುಲಭ. ಖರೇ ಹೇಳುತ್ತೇನೆ, ಅದು ಸುಲಭ. ಕಷ್ಟದ ಕೆಲಸ ಅವರದಾಗಿತ್ತು.

ಅವರ ಅಂತ್ಯಸಂಸ್ಕಾರದ ದಿನ ಖಾನಾಪುರದಲ್ಲಿ, ಮಲಪ್ರಭೆಯ ದಂಡೆಯಲ್ಲಿ, ಎಲ್ಲ ಮುಗಿದು ಜನ ಚದುರುತ್ತಿದ್ದಾಗ ಅವರ ಬಂಧುಗಳಲ್ಲಿ ಒಬ್ಬ ಹಿರಿಯರು ನನ್ನ ಹತ್ತಿರ ಬಂದರು. ಅವರು ಈಗ ಇಲ್ಲಿಯೂ ಇದ್ದಾರೆ. ಮೈಮೇಲಿನ ಒದ್ದೆ ಪಂಚೆ ಹಿಂಡಿಕೊಳ್ಳುತ್ತ ಕೇಳಿದರು: “ಇಷ್ಟೆಲ್ಲಾ ಶಾಣ್ಯಾ ಮಷೀನ್ ಮಾಡಾವ್ರು ನೀವು. ನಮ್ಮ ಕುಂದಾನ ಸಲುವಾಗಿ ಏನೂ ಮಾಡಾಕ ಬರಲಿಲ್ಲೇನ್ರಿ?”

ಸಿಟ್ಟಿನಿಂದ ಕೇಳಿದ್ದಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆಂದು ಕೇಳಿದ್ದು. ನಾನು ಕೈಮುಗಿದೆ. ಇವತ್ತೂ ನನ್ನ ಹತ್ತಿರ ಉತ್ತರವಿಲ್ಲ, ಅಜ್ಜಾರೆ. ಆದರೆ ಏನು ನಡೆಯಿತು ಎಂಬುದನ್ನು ಹೇಳಬಲ್ಲೆ. ಅವಧೂತ ಸರ್ ಹಾಗೂ ಕೇತಕಿ ಇಬ್ಬರನ್ನೂ ಕೇಳಿ, ಅವರು ಹೂಂ ಅಂದ ಮೇಲೆಯೇ ಹೇಳುತ್ತಿದ್ದೇನೆ.

ಮೊದಲು ಅವರ ಕೆಲಸದ ಮಾತು. ಅದು ತಿಳಿಯದೆ ಮುಂದಿನದು ತಿಳಿಯುವುದಿಲ್ಲ.

ಕುಂದಾ ಮೇಡಂ ನಮ್ಮಲ್ಲಿಗೆ ಬರುವ ಮೊದಲು ಉದ್ಯಮಬಾಗದ ಒಂದು ಎರಕದ ಕಾರ್ಖಾನೆಯಲ್ಲಿ ಬಹಳ ವರ್ಷ ಇದ್ದರು. ಯಾವ ಮಷೀನು ಯಾವಾಗ ಓಡಬೇಕು ಎಂದು ಯೋಜನೆ ಹಾಕುವ ಕೆಲಸ. ಆ ಕಾರ್ಖಾನೆಯವರು ಒಮ್ಮೆ ದೊಡ್ಡ ಉಮೇದಿನಿಂದ ಒಂದು ಎಐ ತಂದು ಕೂರಿಸಿದರಂತೆ. ಮಷೀನು ಕೆಡುವ ಮೊದಲೇ ‘ಇದು ಕೆಡುತ್ತದೆ’ ಎಂದು ಹೇಳುವ ಎಐ. ಆ ಕಥೆಯನ್ನು ಅವರು ನನಗೆ ಹೇಳಿದ ರೀತಿ, ಹೀಗೆ, ಎರಡೂ ಕೈ ಗಲ್ಲಕ್ಕೆ ಇಟ್ಟುಕೊಂಡು —

“ಮೊದಲ ಏನಿತ್ತು ಗೌರೀಶ, ಮಷೀನ್ ಕೆಟ್ಟ ದಿನಾ ಅಷ್ಟ ಚಿಂತಿ. ಕಂಪ್ಯೂಟರ್ ಬಂದ ಮ್ಯಾಲ ವಾರಾ ಮುಂಚೇನ ಚಿಂತಿ ಶುರು. ಬಿಡಿಭಾಗ ಪರದೇಶದಿಂದ ಬರಬೇಕು, ಲಗೂ ಬರೂದಿಲ್ಲ. ಕೆಡತೈತಿ, ಕೆಡತೈತಿ ಅಂತ ಎಲ್ಲಾರೂ ಅದರ ಮಾರಿ ನೋಡ್ಕೋತ ಕುಂದರೂದು. ಕಡೀಕ, ಹೇಳಿದ ದಿನಾನ ಕೆಡತಿತ್ತು. ಎಐ ಶಂಭರ್ ಟಕ್ಕೆ, ನೂರಕ್ಕ ನೂರು, ಬರೋಬ್ಬರಿ ಇತ್ತು ನೋಡ್ರಿ!”

ನಗಬಹುದು. ಅವರೂ ನಗುತ್ತಿದ್ದರು.

ಅಲ್ಲಿಂದ ಹುಟ್ಟಿದ್ದು ಅವರ ಒಂದು ಪ್ರಶ್ನೆ. ಯಾವ ಗಿರಾಕಿ ಬರಲಿ, ಎಂಥ ಪ್ರಾಜೆಕ್ಟ್ ತರಲಿ, ಚಹಾ ಬರುವುದರೊಳಗೆ ಕೇಳುತ್ತಿದ್ದರು: “ಗೊತ್ತಾದ ಮ್ಯಾಲ ಏನ್ ಮಾಡ್ತೀರಿ?” ಎಐ ನಿಮಗೆ ಒಂದು ಸಂಗತಿ ತಿಳಿಸಿಕೊಡುತ್ತದೆ. ಆಯಿತು. ತಿಳಿದ ಮೇಲೆ ನಿಮ್ಮ ಕೈಯಲ್ಲಿ ಮಾಡುವಂಥದ್ದು ಏನಾದರೂ ಇದೆಯೇ? ಇಲ್ಲವೆಂದಾದರೆ ಬೇಡ. ಇದೆ ಎಂದಾದರೆ ಎರಡನೆಯ ಪ್ರಶ್ನೆ — ಇಂಥದ್ದು ಹಿಂದೆ ಸಾವಿರ ಸಲ ನಡೆದಿದೆಯೇ, ಅದರ ದಾಖಲೆ ಇದೆಯೇ? ಮಷೀನು ಕಲಿಯುವುದು ಹಿಂದೆ ನಡೆದದ್ದರಿಂದ. ಒಂದೇ ಒಂದು ಸಲ ನಡೆಯುವುದನ್ನು ಅದಕ್ಕೆ ಕಲಿಸಲು ಬರುವುದಿಲ್ಲ.

ನಮ್ಮ ಬಸಯ್ಯನವರು ಅಗೋ, ಎರಡನೆಯ ಸಾಲಿನಲ್ಲಿ ಕೂತಿದ್ದಾರೆ. ವಡಗಾವಿಯಲ್ಲಿ ಅವರ ವಿದ್ಯುತ್ ಮಗ್ಗಗಳು. ಅವರು ನಮ್ಮಲ್ಲಿಗೆ ಬಂದದ್ದು ನೇಯ್ದು ಮುಗಿದ ಸೀರೆಯಲ್ಲಿ ದೋಷ ಹುಡುಕುವ ಕ್ಯಾಮೆರಾ ಬೇಕೆಂದು. ನನಗೆ ಬಹಳ ಖುಷಿ. ಕಟ್ಟಲಿಕ್ಕೆ ಛಲೋ ಪ್ರಾಜೆಕ್ಟ್. ಮೇಡಂ ಕೇಳಿದರು: “ದೋಷ ಐತಿ ಅಂತ ಗೊತ್ತಾದ ಮ್ಯಾಲ ಏನ್ ಮಾಡ್ತೀರಿ, ಬಸಯ್ಯನವರ?”

ಬಸಯ್ಯನವರು ಅಂದರು, “ಏನ್ ಮಾಡೂದ್ರಿ, ನೇಯ್ದದ್ದನ್ನ ಬಿಚ್ಚಾಕ ಬರತೈತೇನು? ಈಗ ಕಣ್ಣೀಲೆ ನೋಡಿ ಹಳಹಳಿ ಪಡ್ತೀವಿ. ಆಮ್ಯಾಲ ಕ್ಯಾಮೆರಾದಾಗ ನೋಡಿ ಹಳಹಳಿ ಪಡೂದು.”

“ಹಂಗಾರ ನಕೋ,” ಅಂದರು ಮೇಡಂ.

ಅವರ ‘ನಕೋ’ ನಿಮಗೆಲ್ಲ ಗೊತ್ತು. ಕನ್ನಡದಲ್ಲಿ ‘ಬ್ಯಾಡ’ ಅಂದರೆ ಇನ್ನೂ ಚರ್ಚೆಗೆ ಜಾಗ ಇದೆ ಎಂದರ್ಥ. ಮರಾಠಿಯಲ್ಲಿ ‘ನಕೋ’ ಅಂದರೆ ಮುಗಿಯಿತು. ಆದರೆ ಅವರು ಅಷ್ಟಕ್ಕೇ ಬಿಟ್ಟವರಲ್ಲ. ಮರುದಿನದಿಂದ ವಡಗಾವಿಯ ಓಣಿಯಲ್ಲಿ, ಆ ಮಗ್ಗದ ಗದ್ದಲದಲ್ಲಿ, ಕಿವಿಗೆ ಅರಳೆ ಇಟ್ಟುಕೊಂಡು ಕೂತರು. ದೋಷ ಎಲ್ಲಿ ಹುಟ್ಟುತ್ತದೆ ಎಂದು ನೋಡಿದರು. ಉದ್ದದ ಎಳೆ ಒಂದು ಕಡಿಯುತ್ತದೆ, ಯಾರೂ ಗಮನಿಸುವುದಿಲ್ಲ, ಮಗ್ಗ ಓಡುತ್ತಲೇ ಇರುತ್ತದೆ, ಗೇಣುಗೇಣಾಗಿ ಬಟ್ಟೆ ಕೆಡುತ್ತದೆ. ವಾಪಸ್ ಬಂದವರೇ ನನ್ನ ಮೇಜಿನ ಮುಂದೆ ನಿಂತು ಅಂದರು, “ಸೀರಿ ನೋಡೂ ಕ್ಯಾಮೆರಾ ಬ್ಯಾಡ. ಎಳಿ ನೋಡೂ ಕ್ಯಾಮೆರಾ ಮಾಡ್ರಿ. ಎಳಿ ಕಡಿದ ಕೂಡ್ಲೆ ಮಗ್ಗ ನಿಲ್ಲಬೇಕು. ಗಂಟ ಹಾಕೂದು, ಮತ್ತ ಚಾಲೂ ಮಾಡೂದು. ಅಷ್ಟ.” ಎಳೆ ದಿನವೂ ಕಡಿಯುತ್ತದೆ, ಆದ್ದರಿಂದ ಮಷೀನಿಗೆ ಕಲಿಯಲು ಬೇಕಾದಷ್ಟು ಉದಾಹರಣೆ. ತಿಳಿದ ಕೂಡಲೇ ಮಾಡಲು ಒಂದು ಕೆಲಸವೂ ಇದೆ. ಇವತ್ತೂ ಬಸಯ್ಯನವರ ಮಗ್ಗಗಳ ಮೇಲೆ ಅದು ಓಡುತ್ತಿದೆ. ಹೌದಲ್ರೀ, ಬಸಯ್ಯನವರೆ? — ಹೌದು ಅನ್ನುತ್ತಿದ್ದಾರೆ.

ಇನ್ನೊಬ್ಬರು ಬಂದಿದ್ದರು, ಗೋದಾಮಿನ ಮಾಲಿಕರು, ಹೆಸರು ಬೇಡ. ಹುಬ್ಬಳ್ಳಿಯ ಅವರ ಅಳಿಯ ಎಐ ಹಾಕಿಸಿದ್ದಾನೆ, ತಮಗೂ ಬೇಕು. ಸಮಸ್ಯೆ ಏನು ಎಂದು ಮೇಡಂ ಕೇಳಿದರೆ, “ಸಮಸ್ಯಾ ನೀವಽ ಹುಡುಕ್ರಿ, ಆದ್ರ ಎಐ ಮಾತ್ರ ದೊಡ್ಡದ ಹಚ್ರಿ” ಅಂದರು. ಮೇಡಂ ಅವರಿಗೆ ಒಳ್ಳೆಯ ಕುಂದಾ ತರಿಸಿ ತಿನ್ನಿಸಿದರು — ಬೆಳಗಾವಿಯ ಕುಂದಾ, ತಮ್ಮ ಹೆಸರಿನ ಸಿಹಿ — ತಿನ್ನಿಸಿ, “ಅಣ್ಣಾರ, ಗುಳಿಗಿ ಕೊಂಡು ಆಮ್ಯಾಲ ಜಡ್ಡು ಹುಡುಕಾಕ ಹೊಂಟೀರಿ. ಜಡ್ಡು ಬಂದಾಗ ಬರ್ರಿ” ಎಂದು ಕಳಿಸಿಕೊಟ್ಟರು. ಮಾಲಿಕರು ನಗುತ್ತಲೇ ಹೋದರು. ಬೇಡ ಅಂದರೂ ಎದುರಿನವರ ಮುಖ ಬಾಡದಂತೆ ಅನ್ನುವುದು... ಅದು ನನಗೆ ಎಂದೂ ಬರಲಿಲ್ಲ.

ಜಡ್ಡು ಬಂದದ್ದು ಅವರಿಗೇ.

ಕಳೆದ ಶ್ರಾವಣದಲ್ಲಿ ಹೊಟ್ಟೆನೋವು ಎಂದರು. ಪರೀಕ್ಷೆ, ಸ್ಕ್ಯಾನು, ಮತ್ತೆ ಪರೀಕ್ಷೆ. ಮೇದೋಜೀರಕ ಗ್ರಂಥಿಯಲ್ಲಿ ಕ್ಯಾನ್ಸರ್, ಆಗಲೇ ಹರಡಿತ್ತು. ಗುಣವಾಗುವುದಿಲ್ಲ ಎಂದು ಅವಧೂತ ಸರ್ ಅವರಿಗೆ ಗೊತ್ತಿತ್ತು, ಮೇಡಂಗೆ ಗೊತ್ತಿತ್ತು, ಕಚೇರಿಯಲ್ಲಿ ನನಗೂ, ನನ್ನ ಜೊತೆ ಕೆಲಸ ಮಾಡುವ ಹುಡುಗಿ ಸಾಕ್ಷಿಗೂ ಗೊತ್ತಿತ್ತು. ಕೇತಕಿಗೆ ಗೊತ್ತಿರಲಿಲ್ಲ. ಪಿಯುಸಿ ಎರಡನೆಯ ವರ್ಷ. ಅವ್ವನಿಗೆ ಹುಷಾರಿಲ್ಲ, ಔಷಧ ನಡೆದಿದೆ, ನಿಧಾನಕ್ಕೆ ಆರಾಮಾಗುತ್ತಾಳೆ — ಇಷ್ಟೇ ಆಕೆಗೆ ಹೇಳಿದ್ದು.

ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ಮೇಡಂ ಕಚೇರಿಗೆ ಬಂದರು. ಎಲ್ಲರೂ ಊಟಕ್ಕೆ ಹೋಗಿದ್ದರು. ತಲೆಗೆ ಸ್ಕಾರ್ಫು. ಮೆಟ್ಟಿಲು ಹತ್ತಿ ಬಂದದ್ದಕ್ಕೇ ಏದುಸಿರು. ನಾನು ನೀರು ಕೊಟ್ಟೆ. ಕುಡಿಯಲಿಲ್ಲ, ಲೋಟ ಕೈಯಲ್ಲಿ ಹಿಡಿದುಕೊಂಡೇ ಕೂತರು.

“ಗೌರೀಶ, ಒಂದು ಪ್ರಾಜೆಕ್ಟ್ ಐತಿ,” ಅಂದರು.

“ಯಾರದ್ರಿ ಮೇಡಂ?”

“ನಂದಽ.”

ತಮ್ಮ ಎಲ್ಲ ರಕ್ತಪರೀಕ್ಷೆಗಳು, ಸ್ಕ್ಯಾನುಗಳು, ಡಾಕ್ಟರ ಚೀಟಿಗಳು, ಎಲ್ಲವನ್ನೂ ತಂದಿದ್ದರು. ಇದನ್ನೆಲ್ಲ ಹಾಕು. ಹೊರದೇಶಗಳಲ್ಲಿ ಇಂಥ ರೋಗಿಗಳ ಮಾಹಿತಿ ಸಿಗುತ್ತದೆ, ಅದನ್ನೂ ಹಾಕು. ಹಾಕಿ, ನಾನು ಎಲ್ಲಿಯ ತನಕ ಇರುತ್ತೇನೆ ಹೇಳು. “ಡಾಕ್ಟರ ಹೇಳಾಕ ಬರೂದಿಲ್ಲ ಅಂತಾರ,” ಅಂದರು. “ನನಗ ತಾರೀಖ ಬೇಕು. ಅಂದಾಜ ಇದ್ರೂ ನಡೀತೈತಿ.”

ನೋಡಿ — ಇದೇ ಹೆಂಗಸು, ಇಂಥ ಪ್ರಾಜೆಕ್ಟನ್ನು ಬೇರೆ ಯಾರಾದರೂ ತಂದಿದ್ದರೆ ಎರಡು ಮಾತಿನಲ್ಲಿ ಮುಗಿಸಿ ಕಳಿಸುತ್ತಿದ್ದರು. ಒಬ್ಬರೇ ರೋಗಿ. ಬೆರಳೆಣಿಕೆಯ ಪರೀಕ್ಷೆಗಳು. ಒಂದೇ ಸಲ ನಡೆಯುವ ಸಂಗತಿ. ಬೇಡ ಅನ್ನುವುದನ್ನು ನನಗೆ ಕಲಿಸಿದವರೇ ಎದುರಿಗೆ ಕೂತು ಕೇಳುತ್ತಿದ್ದಾರೆ. ನನಗೆ ಬೇರೆ ಏನೂ ತೋಚಲಿಲ್ಲ. ಅವರದೇ ಪ್ರಶ್ನೆ ಕೇಳಿಬಿಟ್ಟೆ — “ಗೊತ್ತಾದ ಮ್ಯಾಲ ಏನ್ ಮಾಡ್ತೀರಿ, ಮೇಡಂ?”

ಕೇಳಿ ನಾಲಿಗೆ ಕಚ್ಚಿಕೊಂಡೆ. ಅವರಿಗೆ ಸಿಟ್ಟು ಬರಲಿಲ್ಲ. ಅದಕ್ಕೂ ಉತ್ತರ ತಂದೇ ಬಂದಿದ್ದರು.

“ಕೇತಕೀಗೆ ಯಾವಾಗ ಹೇಳಬೇಕು ಅಂತ ಗೊತ್ತಾಗತೈತಿ. ಮಾರ್ಚ್‌ದಾಗ ಆಕೀದ ಪರೀಕ್ಷಿ. ನಾ ಪರೀಕ್ಷಿ ತನಕ ಇರತೀನಿ ಅಂದ್ರ, ಮುಗದ ಮ್ಯಾಲ ಹೇಳ್ತೀನಿ. ಸುಮ್ಮ ಓದಲಿ. ಇರೂದಿಲ್ಲ ಅಂದ್ರ ಈಗ ಹೇಳಬೇಕು. ಹೇಳದಽ ಹೋಗಬಾರದು ಗೌರೀಶ. ಹೇಳದಽ ಹೋದ್ರ ಆಕಿ ನನ್ನ ಎಂದೂ ಮಾಫ್ ಮಾಡೂದಿಲ್ಲ.”

ನಾನು ಏನು ಹೇಳಲಿ? ಅವರ ಇಡೀ ಕೆಲಸದ ಅವಧಿಯಲ್ಲಿ ಬಂದ ಗಿರಾಕಿಗಳಲ್ಲಿ, ತಿಳಿದ ಮೇಲೆ ಏನು ಮಾಡುತ್ತೇವೆ ಎಂಬುದಕ್ಕೆ ಇಷ್ಟು ಸ್ಪಷ್ಟವಾದ ಉತ್ತರ ಕೊಟ್ಟವರು ಯಾರೂ ಇರಲಿಲ್ಲ. ಮೊದಲನೆಯ ಪ್ರಶ್ನೆಯಲ್ಲಿ ಅವರು ಪಾಸು. ಎರಡನೆಯದರಲ್ಲಿ... ಎರಡನೆಯದನ್ನು ನಾನು ಕೇಳಲಿಲ್ಲ. ಅದರ ಉತ್ತರ ಇಬ್ಬರಿಗೂ ಗೊತ್ತಿತ್ತು. “ಮಾಡ್ತೀನ್ರಿ” ಅಂದೆ.

ಸಾಕ್ಷಿಯೂ ನಾನೂ ಕೂತು ಮಾಡಿದೆವು. ಬೇರೆ ಕೆಲಸ ಬದಿಗಿಟ್ಟು ಮಾಡಿದೆವು. ಈ ಮಷೀನುಗಳ ಒಂದು ಗುಣ ನಿಮಗೆ ಹೇಳಬೇಕು. ಅವಕ್ಕೆ ನಾಚಿಕೆ ಇಲ್ಲ. ಮನುಷ್ಯರಾದರೆ ‘ನನಗೆ ಗೊತ್ತಿಲ್ಲಪ್ಪಾ’ ಅನ್ನುತ್ತಾರೆ. ಇದು ಅನ್ನುವುದಿಲ್ಲ. ಕೇಳಿದಿರೋ, ಉತ್ತರ ಬಂದೇ ಬರುತ್ತದೆ. ನಮಗೂ ಬಂತು. ಮುಂದಿನ ಗಣಪತಿ ಹಬ್ಬದ ಆಚೆಗೂ ಇರುತ್ತಾರೆ ಎಂದು ಬಂತು. ಸಾಕ್ಷಿ ಕುಣಿದಾಡಿಬಿಟ್ಟಳು. ನಾನೂ. ಅಷ್ಟರಲ್ಲಿ ಆಕೆಯೇ ನೋಡಿದಳು — ಒಂದೇ ವಾರದಲ್ಲಿ ಖಾನಾಪುರದಲ್ಲೊಮ್ಮೆ, ಬೆಳಗಾವಿಯಲ್ಲೊಮ್ಮೆ ರಕ್ತ ಪರೀಕ್ಷೆ ಮಾಡಿಸಿದ್ದರು, ಎರಡರ ಅಂಕಿಗಳಲ್ಲಿ ಚೂರೇ ಚೂರು ವ್ಯತ್ಯಾಸ. ನಾವು ಬೆಳಗಾವಿಯದನ್ನು ಹಾಕಿದ್ದೆವು. ಅದನ್ನು ತೆಗೆದು ಖಾನಾಪುರದ್ದನ್ನು ಹಾಕಿದೆವು. ಜನವರಿಯ ಹೊಸ ವರ್ಷವನ್ನೂ ಕಾಣುವುದಿಲ್ಲ ಎಂದು ಬಂತು.

ಅದೇ ಹೆಂಗಸು. ಅದೇ ವಾರ. ಅದೇ ರಕ್ತ.

ಸಾಕ್ಷಿ ಮೇಜಿನ ಮೇಲೆ ತಲೆಯಿಟ್ಟು ಅತ್ತಳು. ನಾನು ಕಂಪ್ಯೂಟರ್ ಮುಚ್ಚಿದೆ.

ಖಾನಾಪುರಕ್ಕೆ ಇಬ್ಬರೂ ಹೋದೆವು. ಅವರ ಮನೆಯ ಅಂಗಳದಲ್ಲಿ ಎಳೆಬಿಸಿಲು, ಮೇಡಂ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಕೇತಕಿ ಕಾಲೇಜಿಗೆ ಹೋಗಿದ್ದಳು. ಅವಧೂತ ಸರ್ ಬಾಗಿಲಲ್ಲೇ ನಮ್ಮ ಮುಖ ನೋಡಿ ಏನೂ ಕೇಳದೆ ಚಹಾ ಇಡಲು ಒಳಗೆ ಹೋದರು. ಚಿತ್ರಕಲೆಯ ಮಾಸ್ತರು ಅವರು, ಮುಖ ನೋಡುವುದು ಗೊತ್ತು.

“ಬರ್ರಿ, ಕುಂದರ್ರಿ,” ಅಂದರು ಮೇಡಂ. “ಹೇಳ್ರಿ ಈಗ.”

“ಆಗೂದಿಲ್ರಿ ಮೇಡಂ,” ಅಂದೆ.

“ಏನ್ ಆಗೂದಿಲ್ಲ?”

“ಹೇಳಾಕ ಆಗೂದಿಲ್ಲ.”

ಆಗ ಅವರಿಗೆ ಸಿಟ್ಟು ಬಂತು. ಇಷ್ಟು ವರ್ಷದಲ್ಲಿ ಅವರು ನನ್ನ ಮೇಲೆ ದನಿಯೆತ್ತಿದ್ದು ಅದೊಂದೇ ಸಲ. “ಬಸಯ್ಯಂದು ಆಗತೈತಿ. ಊರ ಮಂದೀದೆಲ್ಲಾ ಆಗತೈತಿ. ನಂದು ಆಗೂದಿಲ್ಲೇನು? ನೀವು ನೋಡೇ ಇಲ್ಲ. ಹೆದರಿ ನೋಡೇ ಇಲ್ಲ ನೀವು!”

ನಾನು ತಲೆ ತಗ್ಗಿಸಿದೆ. ಸಾಕ್ಷಿ — ನನಗಿಂತ ಎಷ್ಟೋ ಚಿಕ್ಕವಳು, ಆ ಧೈರ್ಯ ನನಗಿಲ್ಲ — ಆಕೆ ಹೇಳಿದಳು: “ನೋಡೀವ್ರಿ ಮೇಡಂ. ಎರಡು ಸಲ ನೋಡೀವಿ. ಒಂದು ಉತ್ತರದಾಗ ಪರೀಕ್ಷಿ ಮುಗಿತೈತಿ. ಇನ್ನೊಂದರಾಗ ಮುಗ್ಯೂದಿಲ್ಲ. ಯಾವುದು ಖರೇ ಅಂತ ನಮಗ ಗೊತ್ತಿಲ್ಲ. ಎರಡೂ ಸುಳ್ಳು ಇರಬಹುದು.”

ನಗು ಬಂತೋ ಏನೋ ಎಂಬಂತೆ ಮೇಡಂ ಅವರ ತುಟಿ ಅಲುಗಿತು. “ಇಂಥಾದ್ದ ಗಿರಾಕಿ ಕೈಯಾಗ ಕೊಟ್ರ ಹೊಡೀತಾನ ನೋಡ್ರಿ,” ಅಂದರು. ಅಂದವರೇ ಅಳಲಿಕ್ಕೆ ಶುರು ಮಾಡಿದರು. ಶಬ್ದ ಮಾಡಿ ಅತ್ತರು. ಅವರು ಅಳುವುದನ್ನು ನಾನು ಮೊದಲು ಕಂಡಿರಲಿಲ್ಲ. ಏನು ಮಾಡಬೇಕೋ ತಿಳಿಯದೆ ಕೈಯನ್ನು ಹೀಗೆ ಮುಂದೆ ಚಾಚಿದೆ, ಹಾಗೇ ವಾಪಸ್ ತೆಗೆದುಕೊಂಡೆ.

“ಹಂಗಾರ ಯಾವಾಗ ಹೇಳ್ಲಿ?” ಅಂದರು. ನನ್ನನ್ನು ಕೇಳಿದ್ದಲ್ಲ. ಸಾಕ್ಷಿಯನ್ನೂ ಅಲ್ಲ. “ಯಾವಾಗ ಹೇಳ್ಲಿ ನಾ?”

ಅವಧೂತ ಸರ್ ಚಹಾದ ತಾಟು ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಅವರು ಅಂದರು —

“ನಾಳೆ ಆಕೀಗೆ ಸೂಟಿ ಐತಿ.”

ಅಷ್ಟೇ. ಮರುದಿನ ಕಾಲೇಜಿಗೆ ರಜೆ ಇತ್ತು. ತಾರೀಖು ಸಿಕ್ಕಿತು.

ಮುಂದೆ ಕಣಕುಂಬಿಯಲ್ಲಿ ನಡೆದದ್ದನ್ನು ಕೇತಕಿಯೇ ನನಗೆ ಹೇಳಿದ್ದು. ಮರುದಿನ ತಾಯಿ ಮಗಳು ಇಬ್ಬರೇ ಬಸ್ಸು ಹತ್ತಿ ಕಣಕುಂಬಿಗೆ ಹೋದರು. ಜೊತೆಗೆ ಬರುತ್ತೇನೆ ಎಂದ ಅವಧೂತ ಸರ್‌ಗೆ ಮೇಡಂ ‘ನಕೋ’ ಅಂದರು. ತವರುಮನೆಯಲ್ಲಿ ಊಟ ಮಾಡಿದರು. ಆಮೇಲೆ ಹಾಗೇ ಕಾಡಿನ ಬದಿಯ ರಸ್ತೆಯಲ್ಲಿ ಸ್ವಲ್ಪ ದೂರ ನಡೆದರು. ನಡೆಯುತ್ತ, ಮರಾಠಿಯಲ್ಲಿ, ಸುತ್ತುಬಳಸಿಲ್ಲದೆ ಹೇಳಿಬಿಟ್ಟರು. ನನಗೆ ಆರಾಮಾಗುವುದಿಲ್ಲ. ನಾನು ಹೋಗುತ್ತೇನೆ. ಯಾವಾಗ ಅಂತ ಗೊತ್ತಿಲ್ಲ. ನಿನ್ನ ಪರೀಕ್ಷೆಗಿಂತ ಮೊದಲೂ ಇರಬಹುದು.

ಕೇತಕಿ ಓಡಿದಳು. ಅವ್ವನನ್ನು ಅಲ್ಲೇ ಬಿಟ್ಟು ರಸ್ತೆ ಹಿಡಿದು ಓಡಿದಳು. “ಸಿಟ್ಟ ಬಂದಿತ್ತು ಸರ್,” ಅಂದಳು ನನಗೆ. “ಇಷ್ಟ ದಿನಾ ಎಲ್ಲಾರಿಗೂ ಗೊತ್ತಿತ್ತು, ನನಗಽ ಗೊತ್ತಿರಲಿಲ್ಲ. ಓಡಿ ಹೋಗಬೇಕು ಅಂದ್ನಿ. ಆದ್ರ ಎಲ್ಲಿಗೆ ಹೋಗೂದು? ಮುಂದ ಎಲ್ಲಾ ಅಡವಿ. ತಿರುಗಿ ನೋಡಿದ್ರ ಅವ್ವ ಮೋರಿ ಕಟ್ಟಿ ಮ್ಯಾಲ ಕುಂತಿದ್ಲು. ನನ್ನ ಹಿಂದ ಬರಾಕ ಆಕೀಗೆ ಶಕ್ತಿ ಇರಲಿಲ್ಲ. ಕರೀಲಿಲ್ಲ ಸರ್. ಸುಮ್ಮ ಕುಂತಿದ್ಲು.”

ಕೇತಕಿ ವಾಪಸ್ ಬಂದು ಮೋರಿಯ ಮೇಲೆ ಅವ್ವನ ಪಕ್ಕ ಕೂತಳು. ಬಸ್ಸು ಬರುವ ತನಕ ಇಬ್ಬರೂ ಅಲ್ಲೇ ಇದ್ದರು.

ಹೇಳಿದ್ದರಿಂದ ಮನೆ ಹಗುರಾಯಿತು, ತಾಯಿ ಮಗಳು ಅಪ್ಪಿಕೊಂಡರು, ಎಲ್ಲ ಸರಿಹೋಯಿತು — ಹೀಗೆ ಹೇಳಲು ನನಗೂ ಆಸೆ. ಹಾಗೇನೂ ಆಗಲಿಲ್ಲ. ಮರುದಿನದಿಂದ ಮನೆಯಲ್ಲಿ ಜಗಳ. ಕೇತಕಿ ಕಾಲೇಜಿಗೆ ಹೋಗುವುದಿಲ್ಲ ಅಂದಳು, ಮೇಡಂ ಹೋಗಲೇಬೇಕು ಅಂದರು. ಊಟಕ್ಕೆ ಜಗಳ, ಫೋನಿಗೆ ಜಗಳ, ಕೂದಲಿಗೆ ಎಣ್ಣೆ ಹಚ್ಚಿಕೊಳ್ಳುವುದಕ್ಕೆ ಜಗಳ. ಅವಧೂತ ಸರ್ ನನಗೆ ಫೋನ್ ಮಾಡಿ, “ದಿನಾ ಮಹಾಭಾರತ ನಡದೈತ್ರಿ ಮನ್ಯಾಗ” ಎನ್ನುತ್ತಿದ್ದರು. ಹೇಳಿಸಿ ತಪ್ಪು ಮಾಡಿದೆವೇನೋ ಎಂದು ನನಗೆ ಹೆದರಿಕೆ.

ಮೇಡಂ ತೀರಿಹೋದ ಮೇಲೆ ಕೇತಕಿ ನನಗೊಂದು ಮಾತು ಹೇಳಿದಳು. “ಮೊದಲ ಅವ್ವ ನನ್ನ ಜೋಡಿ ಭಾಳ ಛಂದ ಮಾತಾಡ್ತಿದ್ಲು ಸರ್. ಮನೀಗೆ ಬಂದ ಪಾವಣ್ಯಾರ ಜೋಡಿ ಮಾತಾಡಿದಂಗ. ನನಗ ಅದಽ ಅಂಜಿಕಿ ಆಗ್ತಿತ್ತು. ಹೇಳಿದ ಮ್ಯಾಲ ಮತ್ತ ನಮ್ಮ ಅವ್ವ ಆದ್ಲು. ಜಗಳಾ ಆಡೀವಿ ಸರ್. ಪೂರಾ ಆಡೀವಿ. ಏನೂ ಉಳಿಸಿಲ್ಲ.”

ಸಂಕ್ರಾಂತಿ ಬಂತು. ಎಳ್ಳು ಬೆಲ್ಲ ಕಳಿಸಿದರು. ಫೆಬ್ರುವರಿಯಲ್ಲಿ ಬೆಳಗಾವಿಯ ಆಸ್ಪತ್ರೆಗೆ ತಂದರು. ನಾನು ನೋಡಲು ಹೋದಾಗ ಮಾತು ನಿಂತಿತ್ತು, ಕಣ್ಣು ಮಾತ್ರ ತೆರೆದಿತ್ತು. ನನಗೆ ಸುಮ್ಮನಿರಲು ಬರಲಿಲ್ಲ. ಹೊಸ ಗಿರಾಕಿ ಬಂದಿದ್ದಾನೆ ಮೇಡಂ, ಹೀಗೆ ಕೇಳುತ್ತಿದ್ದಾನೆ, ಏನು ಮಾಡಲಿ ಎಂದು ಬಡಬಡಿಸಿದೆ. ಅವರು ಕಣ್ಣು ಮುಚ್ಚಿಕೊಂಡರು. ಕೇತಕಿ ಹತ್ತಿಯನ್ನು ನೀರಿನಲ್ಲಿ ಅದ್ದಿ ಅವರ ತುಟಿ ಒರೆಸುತ್ತಿದ್ದಳು. ಆಕೆ ಎದ್ದು ಹೊರಗೆ ಹೋದಾಗ ನಾನು ಆ ಹತ್ತಿ ಕೈಗೆ ತೆಗೆದುಕೊಂಡೆ. ಎಷ್ಟು ಅದ್ದಬೇಕು ತಿಳಿಯಲಿಲ್ಲ. ನೀರು ಕೊರಳಿಗೆ ಇಳಿದು ದಿಂಬು ಒದ್ದೆಯಾಯಿತು. ನರ್ಸ್ ಬಂದು ನನ್ನ ಕೈಯಿಂದ ಅದನ್ನು ತೆಗೆದುಕೊಂಡಳು.

ಅದೇ ವಾರ ಅವರು ಹೋದರು. ನಮ್ಮ ಮಷೀನು ಹೇಳಿದ ಎರಡು ತಾರೀಖುಗಳಲ್ಲಿ ಒಂದೂ ಖರೇ ಆಗಲಿಲ್ಲ. ಒಂದನ್ನು ದಾಟಿ ಬದುಕಿದರು. ಇನ್ನೊಂದನ್ನು ಮುಟ್ಟಲಿಲ್ಲ.

ಅಜ್ಜಾರೆ, ನೀವು ಕೇಳಿದಿರಲ್ಲ, ಏನೂ ಮಾಡಲು ಬರಲಿಲ್ಲವೇ ಎಂದು. ಇದಿಷ್ಟು ನಡೆದದ್ದು. ಕಡಿದ ಎಳೆ ಕಂಡರೆ ಮಗ್ಗ ನಿಲ್ಲಿಸುವುದು ನಮಗೆ ಬರುತ್ತದೆ. ಇನ್ನೂ ನಾಲ್ಕು ಕೆಲಸ ಬರುತ್ತವೆ. ಇದು ಬರಲಿಲ್ಲ. ಬರುವುದಿಲ್ಲ ಎಂದು ಅವರ ಮುಂದೆ ನಿಂತು ಹೇಳಿದ್ದು ಸರಿಯೋ, ಅಥವಾ ಆ ಮೊದಲನೆಯ ಉತ್ತರವನ್ನು ಕೊಟ್ಟು ಅವರನ್ನು ಸ್ವಲ್ಪ ದಿನ ನಗಿಸಿದ್ದರೆ ಸರಿಯಿತ್ತೋ — ರಾತ್ರಿ ಹಗಲು ಯೋಚಿಸುತ್ತೇನೆ. ಕೇಳೋಣವೆಂದರೆ ಇಂಥದ್ದನ್ನು ಕೇಳಬಹುದಾಗಿದ್ದ ಒಬ್ಬರೇ ಒಬ್ಬರು ಈಗ ಇಲ್ಲ.

ಕಚೇರಿಗೆ ಈಗಲೂ ಗಿರಾಕಿಗಳು ಬರುತ್ತಾರೆ. ಹಿಂದಿಗಿಂತ ಹೆಚ್ಚೇ ಬರುತ್ತಾರೆ. ಎಲ್ಲರಿಗೂ ಎಐ ಬೇಕು. ಮೊನ್ನೆ ಒಬ್ಬರಿಗೆ ಹೂಂ ಅಂದೆ, ಸಂಜೆ ಅದು ತಪ್ಪೆನಿಸಿತು. ಮರುದಿನ ಇನ್ನೊಬ್ಬರಿಗೆ ಬೇಡ ಅಂದೆ, ಅವರು ಮುಖ ಸಣ್ಣದು ಮಾಡಿಕೊಂಡು ಹೋದರು, ಅದೂ ತಪ್ಪೆನಿಸಿತು. ಅವರು ಕೇಳುತ್ತಿದ್ದ ಪ್ರಶ್ನೆಗಳು ನಮಗೆಲ್ಲ ಬಾಯಿಪಾಠ ಇವೆ. ಪ್ರಶ್ನೆ ಕೇಳಿದ ಮೇಲೆ ಎದುರಿನವರ ಮುಖವನ್ನು ಅವರು ಹೇಗೆ ನೋಡುತ್ತಿದ್ದರು, ಎಷ್ಟು ಹೊತ್ತು ಕಾಯುತ್ತಿದ್ದರು — ಅದು ನಮಗೆ ಬಂದಿಲ್ಲ. ಬರುತ್ತದೆಯೋ ಇಲ್ಲವೋ.

ಇನ್ನೊಂದೇ ಮಾತು, ಮುಗಿಸುತ್ತೇನೆ.

ಮುಂದಿನ ವಾರ ಕೇತಕಿಯ ಪರೀಕ್ಷೆ ಶುರುವಾಗುತ್ತದೆ. ಇಲ್ಲಿಗೆ ಬಂದಾಗಿನಿಂದ ನೋಡುತ್ತಿದ್ದೇನೆ. ಆಕೆಯನ್ನು ಕಂಡವರೆಲ್ಲ ತಲೆ ಸವರಿ ಅದನ್ನೇ ಕೇಳುತ್ತಿದ್ದೀರಿ — “ಪರೀಕ್ಷಿ ಬರೀತಿ ಹೌದಿಲ್ಲೋ ಮಗಳ, ಬಾಳಾ?” ಪ್ರೀತಿಯಿಂದಲೇ ಕೇಳುತ್ತೀರಿ, ಗೊತ್ತು. ಆದರೂ ಕೈಮುಗಿದು ಬೇಡಿಕೊಳ್ಳುತ್ತೇನೆ, ಕೇಳಬೇಡಿ. ಆಕೆಗೆ ಗೊತ್ತಿಲ್ಲ. ನಮಗಾರಿಗೂ ಗೊತ್ತಿಲ್ಲ. ಬರೆಯಲಿ, ಬಿಡಲಿ, ಆಕೆಗೆ ಒಂದು ತುತ್ತು ಊಟ ಕೊಡಿ, ಅಷ್ಟು ಸಾಕು.

ಈಗ ಮೌನಾಚರಣೆಗೆ ಎಲ್ಲರೂ ಎದ್ದು ನಿಲ್ಲೋಣ. ಹಿರಿಯರು, ಕಾಲುನೋವಿನವರು ಪಕ್ಕದವರ ಕೈ ಹಿಡಿದುಕೊಳ್ಳಿ.

ಕೇತಕಿ, ನೀನು ಏಳಬೇಡ. ಅಪ್ಪನ ಬಾಜೂ ಹಾಗೇ ಕೂತಿರು. ಅಳು ಬಂದರೆ ಅಳು, ಸುಮ್ಮನಿರಬೇಕಾದವರು ನಾವು. ಗಡಿಯಾರ ನೋಡಿ ಲೆಕ್ಕ ಹಿಡಿಯುವುದು ಬೇಡ ಅಂದುಕೊಂಡಿದ್ದೇವೆ. ನಿನಗೆ ಸಾಕು ಅನ್ನಿಸಿದಾಗ ತಲೆ ಎತ್ತಿ ನಮ್ಮ ಕಡೆ ನೋಡು. ಅಲ್ಲಿಯ ತನಕ ನಾವು ನಿಂತಿರುತ್ತೇವೆ.

ಏಳಿ.